ಮನೆಗೊಂದು ಇಂಟರ್‌ನೆಟ್: ಮೊಮ್ಮಕ್ಕಳು ಲೆಕ್ಕ ಹಾಕಲಿ, ಅಜ್ಜ-ಅಜ್ಜಿ ವಿಚಾರಿಸಲಿ

ಬೆಳಗಿನ ಪತ್ರಿಕೆ ಬಿಡಿಸಿದರೆ ಒಳಗಿಂದ ಬಣ್ಣದ ಚೀಟಿಯೊಂದು ಜಾರಿ ಬೀಳುತ್ತದೆ. ‘ತಿಂಗಳಿಗೆ ಬರೀ 399 ರೂಪಾಯಿ! ಅನ್‌ಲಿಮಿಟೆಡ್ ಇಂಟರ್‌ನೆಟ್! ಇನ್‌ಸ್ಟಾಲೇಷನ್ ಉಚಿತ!’ 399ರ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ನಕ್ಷತ್ರ. ಆ ನಕ್ಷತ್ರದ ಜೋಡಿ ಚೀಟಿಯ ಕೆಳಗಡೆ, ಇರುವೆ ಸಾಲಿನಂಥ ಅಕ್ಷರಗಳ ನಡುವೆ ಅಡಗಿ ಕೂತಿರುತ್ತದೆ. ಅಜ್ಜನ ಕನ್ನಡಕಕ್ಕೆ ಅದು ಸಿಗುವುದಿಲ್ಲ, ಮೊಮ್ಮಗಳ ಕಣ್ಣಿಗೆ ಸಿಗುತ್ತದೆ. ಇನ್ನು ‘ಈ ಕಂಪನಿಯವರು ಕರೆದರೆ ಬರುತ್ತಾರೋ ಇಲ್ಲವೋ’ ಎಂದು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ವಿಚಾರಿಸುವ ಕಲೆ ಮೊಮ್ಮಗಳಿಗೆ ಗೊತ್ತಿಲ್ಲ, ಅಜ್ಜನಿಗೆ ಗೊತ್ತು. ಹಾಗಾಗಿ ಮನೆಗೆ ಇಂಟರ್‌ನೆಟ್ ಹಾಕಿಸುವ ಕೆಲಸವನ್ನು ಅಪ್ಪ-ಅಮ್ಮನಿಗಿಂತ ಈ ಇಬ್ಬರಿಗೇ ಒಪ್ಪಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಒಂದು ಕಾಲದಲ್ಲಿ ಆರಿಸುವ ಪ್ರಶ್ನೆಯೇ ಇರಲಿಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಎಂಬ ಸರ್ಕಾರಿ ಕಂಪನಿ ನಮ್ಮ ದೇಶದ ಜನರಿಗೆ ಇಂಟರ್‌ನೆಟ್ಟಿನ ಬಾಗಿಲು ತೆರೆಯಿತು. ಆಗ ಟೆಲಿಫೋನ್ ತಂತಿಯಲ್ಲೇ ಅದು ಬರಬೇಕು. ಮೋಡೆಮ್ ಕೀಂ, ಕರ್ರ್, ಗರ್ರ್ ಎಂದು ಗಂಟಲು ಸರಿಮಾಡಿಕೊಂಡು ಶುರುವಾಗುತ್ತಿತ್ತು. ಅದು ನಡೆಯುವಷ್ಟು ಹೊತ್ತು ಮನೆಗೆ ಯಾರೇ ಫೋನ್ ಮಾಡಿದರೂ ‘ಎಂಗೇಜ್’. ಅಜ್ಜಿಯರನ್ನು ಕೇಳಿ ನೋಡಿ, ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿಯಾರು. ಈಗ ಒಂದೇ ಬೀದಿಗೆ ಮೂರು-ನಾಲ್ಕು ಕಂಪನಿಗಳು. ತೊಂದರೆ ಶುರುವಾಗಿರುವುದೂ ಅಲ್ಲಿಂದಲೇ.

ಬೀದಿಗೆ ಬಂದಿರುವ ತಂತಿ ಯಾವುದು?

ಟಿ.ವಿ.ಯಲ್ಲಿ ಯಾವ ಜಾಹೀರಾತು ಚೆನ್ನಾಗಿದೆ ಎಂದು ನೋಡುವ ಮೊದಲು ಮನೆಯ ಹೊರಗೆ ಬಂದು ಕಂಬ ನೋಡಿ. ನಿಮ್ಮ ಕಂಬದವರೆಗೆ ಬರದ ಕಂಪನಿ ಎಷ್ಟು ಅಗ್ಗವಾದರೇನು? ದೊಡ್ಡ ಊರುಗಳಲ್ಲಿ ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಸಾಮಾನ್ಯವಾಗಿ ಸಿಗುತ್ತವೆ. ಬೆಂಗಳೂರಿನಲ್ಲಾದರೆ ಆಕ್ಟ್, ಹಾತ್‌ವೇ ಮುಂತಾದವೂ ಇವೆ. ಸಣ್ಣ ಊರುಗಳಲ್ಲಿ ಟಿ.ವಿ. ಕೇಬಲ್ ಕೊಡುವವರೇ ಇಂಟರ್‌ನೆಟ್ಟನ್ನೂ ಕೊಡುವುದುಂಟು. ಬಿಎಸ್‌ಎನ್‌ಎಲ್ ಕೂಡ ಎಷ್ಟೋ ಕಡೆ ಇಂಥ ಸ್ಥಳೀಯ ಕೇಬಲ್‌ನವರನ್ನೇ ಪಾಲುದಾರರನ್ನಾಗಿ ಮಾಡಿಕೊಂಡು ಮನೆಮನೆಗೆ ಫೈಬರ್ ಎಳೆಸುತ್ತದೆ. ಹಳ್ಳಿಯಲ್ಲಿದ್ದೀರಾದರೆ ಗ್ರಾಮ ಪಂಚಾಯಿತಿ ಕಚೇರಿಗೆ ಹೋಗಿ ಕೇಳಿ. 2011ರಲ್ಲಿ ಶುರುವಾಗಿ ಆಮೇಲೆ ‘ಭಾರತ್‌ನೆಟ್’ ಎಂದು ಹೆಸರು ಬದಲಾಯಿಸಿಕೊಂಡ ಯೋಜನೆಯಲ್ಲಿ ದೇಶದ ಎಲ್ಲ ಪಂಚಾಯಿತಿಗಳಿಗೂ ಫೈಬರ್ ಮುಟ್ಟಿಸಬೇಕೆಂಬ ಗುರಿಯಿದೆ. ಪಂಚಾಯಿತಿಗೆ ಬಂದ ಫೈಬರ್ ನಿಮ್ಮ ಮನೆಗೂ ಬರಬಹುದೇ ಎಂಬುದು ಕೇಳಿದರಷ್ಟೇ ತಿಳಿಯುತ್ತದೆ.

ಫೈಬರ್ ಎಂದರೆ ಗಾಜಿನ ಎಳೆ. ದಪ್ಪ ಹೆಚ್ಚುಕಡಿಮೆ ನಮ್ಮ ಕೂದಲಿನಷ್ಟು. ಅದರೊಳಗೆ ವಿದ್ಯುತ್ತು ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಎಳೆಯ ಗೋಡೆಗೆ ಓರೆಯಾಗಿ ತಗುಲಿದ ಬೆಳಕು ಹೊರಗೆ ಸೋರದೆ ಒಳಕ್ಕೇ ಪ್ರತಿಫಲಿಸುತ್ತ ಮುಂದಕ್ಕೆ ಓಡುತ್ತದೆ. ಹತ್ತನೇ ತರಗತಿ ದಾಟಿದವರು ಇದನ್ನು ‘ಪೂರ್ಣ ಆಂತರಿಕ ಪ್ರತಿಫಲನ’ ಎಂದು ಓದುತ್ತಾರೆ. ಗಾಜಿನೊಳಗೆ ಬೆಳಕಿನ ಓಟ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿಲೋಮೀಟರ್ ದೂರವಿದೆಯಲ್ಲ, ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಕು ಹಲವು ಬಾರಿ ಹೋಗಿ ಬಂದಿರುತ್ತದೆ. ಈ ವಿದ್ಯೆಯಲ್ಲಿ ನಮ್ಮವರ ಪಾಲೂ ದೊಡ್ಡದಿದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ 1950ರ ದಶಕದಲ್ಲಿ ಲಂಡನ್ನಿನಲ್ಲಿ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. 2021ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಫೈಬರ್ ಬಾರದ ಕಡೆ ಈಗ ‘ಏರ್ ಫೈಬರ್’ ಎಂಬುದೊಂದಿದೆ. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ತಂತಿಯಲ್ಲ. ಹತ್ತಿರದ ಮೊಬೈಲ್ ಟವರಿನಿಂದ ಬರುವ 5ಜಿ ಅಲೆಯನ್ನು ತಾರಸಿ ಮೇಲಿನ ಪೆಟ್ಟಿಗೆ ಹಿಡಿದುಕೊಡುತ್ತದೆ. ಟವರ್ ಹತ್ತಿರವಿದ್ದರೆ ಒಳ್ಳೆಯದೇ. ತಂತಿ ಮತ್ತು ಅಲೆ ಎರಡೂ ಸಿಗುವುದಾದರೆ ತಂತಿಗೇ ನನ್ನ ಓಟು.

ಎಷ್ಟು ಸ್ಪೀಡು ಬೇಕು?

ದುಡ್ಡು ಉಳಿಯುವುದೂ ಸೋರುವುದೂ ಈ ಪ್ರಶ್ನೆಯಲ್ಲೇ. ಮಕ್ಕಳೇ, ಒಂದು ಕಾಗದ, ಪೆನ್ಸಿಲು ತನ್ನಿ.

ಮನೆಯ ನಲ್ಲಿಯನ್ನು ನೆನೆಸಿಕೊಳ್ಳಿ. ಪೈಪು ಎಷ್ಟು ದಪ್ಪವೋ ನೀರು ಅಷ್ಟು ಬರುತ್ತದೆ. ಇಂಟರ್‌ನೆಟ್ಟಿನ ‘ಎಂಬಿಪಿಎಸ್’ ಎಂಬುದು ಆ ಪೈಪಿನ ದಪ್ಪ. ಒಂದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಹರಿಯಬಹುದು ಎಂಬ ಅಳತೆ. ಇಲ್ಲಿ ಬಿಟ್ ಬೇರೆ, ಬೈಟ್ ಬೇರೆ ಎಂಬುದು ನೆನಪಿರಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ನಿಮ್ಮ ಫೋನಿನಲ್ಲಿ ಫೋಟೊ 4 ಎಂಬಿ, ಸಿನಿಮಾ 1 ಜಿಬಿ ಎಂದು ತೋರಿಸುತ್ತದಲ್ಲ, ಅದು ಬೈಟಿನ ಲೆಕ್ಕ. ಕಂಪನಿಯವರು ಹೇಳುವುದು ಬಿಟ್ಟಿನ ಲೆಕ್ಕ. ಆದ್ದರಿಂದ 100 ಎಂಬಿಪಿಎಸ್ ಎಂದಾಗ ಒಂದು ಸೆಕೆಂಡಿಗೆ ಇಳಿಯುವುದು 100 ಎಂಬಿಯಲ್ಲ, ಹನ್ನೆರಡೂವರೆ ಎಂಬಿ. ಇದರಲ್ಲಿ ಮೋಸವಿಲ್ಲ, ಆದರೆ ದೊಡ್ಡ ಸಂಖ್ಯೆ ಬರೆದರೆ ಯಾರಿಗೆ ತಾನೇ ಖುಷಿಯಾಗದು!

ಈಗ ಮನೆಯವರೆಲ್ಲ ಒಂದೇ ಹೊತ್ತಿಗೆ ಇಂಟರ್‌ನೆಟ್ ಬಳಸುವ ಸಂಜೆಯನ್ನು ಊಹಿಸಿ. ಅಜ್ಜಿ ಅಮೆರಿಕದಲ್ಲಿರುವ ಮಗಳ ಜೊತೆ ವಿಡಿಯೊ ಕಾಲ್‌ನಲ್ಲಿದ್ದಾರೆ. ಅದಕ್ಕೆ 3 ಎಂಬಿಪಿಎಸ್ ಇದ್ದರೆ ಧಾರಾಳ. ನಿಮ್ಮ ಆನ್‌ಲೈನ್ ಪಾಠಕ್ಕೆ ಇನ್ನೊಂದು 3. ಅಪ್ಪನ ಆಫೀಸ್ ಮೀಟಿಂಗಿಗೆ 4 ಇಡೋಣ. ಅಮ್ಮ ಟಿ.ವಿ.ಯಲ್ಲಿ ಎಚ್‌ಡಿ ಗುಣಮಟ್ಟದ ಸಿನಿಮಾ ಹಾಕಿದ್ದಾರೆ, ಅದಕ್ಕೆ 5. ಒಟ್ಟು 15. ಅಜ್ಜ ಪಕ್ಕದಲ್ಲಿ ಕೂತು ಯಕ್ಷಗಾನ ನೋಡುತ್ತಾರೆ ಎಂದರೆ ಇನ್ನೊಂದು 5 ಸೇರಿಸಿ, 20. ಅಲ್ಲಿಗೆ 30 ಅಥವಾ 40 ಎಂಬಿಪಿಎಸ್‌ನ ಸಣ್ಣ ಪ್ಲ್ಯಾನೇ ಐದು ಜನರ ಸಂಸಾರಕ್ಕೆ ಸಾಕಾಯಿತು. ಮನೆಯಲ್ಲಿ ದೊಡ್ಡ 4ಕೆ ಟಿ.ವಿ. ಇದ್ದು ಅದರಲ್ಲಿ ಅದೇ ಗುಣಮಟ್ಟದ ಚಿತ್ರ ನೋಡುವವರಿದ್ದರೆ ಅದೊಂದಕ್ಕೇ 15ರಿಂದ 25 ಬೇಕಾದೀತು. ಇಡೀ ದಿನ ದೊಡ್ಡ ದೊಡ್ಡ ಫೈಲುಗಳನ್ನು ಕಳಿಸುವ ಕೆಲಸದವರಿದ್ದರೂ ಹೆಚ್ಚು ಬೇಕು. ಉಳಿದವರಿಗೆ 100, 200, 300 ಎಂಬುದೆಲ್ಲ ನಾಲ್ಕು ಕೊಡ ನೀರಿಗೆ ಅಗ್ನಿಶಾಮಕ ದಳದ ಪೈಪು ತರಿಸಿದ ಹಾಗೆ.

ಸರ್ಕಾರದ ಲೆಕ್ಕದಲ್ಲಿ ‘ಬ್ರಾಡ್‌ಬ್ಯಾಂಡ್’ ಎನಿಸಿಕೊಳ್ಳಲು ಎಷ್ಟಿರಬೇಕು ಗೊತ್ತೇ? 2023ರ ಜನವರಿಯಿಂದ ಕನಿಷ್ಠ 2 ಎಂಬಿಪಿಎಸ್. ಅದಕ್ಕೆ ಮುಂಚೆ ಅದರ ಕಾಲು ಭಾಗ!

‘ವರೆಗೆ’ ಎಂಬ ಪದದ ಮೇಲೂ ಕಣ್ಣಿಡಿ. ‘100 ಎಂಬಿಪಿಎಸ್‌ವರೆಗೆ’ ಎಂದರೆ ನೂರನ್ನು ಮೀರುವುದಿಲ್ಲ ಎಂದಷ್ಟೇ ಅರ್ಥ, ನೂರು ಸಿಕ್ಕೇ ಸಿಗುತ್ತದೆ ಎಂದಲ್ಲ. ಸಂಜೆ ಏಳರಿಂದ ಹತ್ತರವರೆಗೆ ಬೀದಿಯವರೆಲ್ಲ ಒಟ್ಟಿಗೆ ಕೂತಾಗ ಸ್ಪೀಡು ಇಳಿಯುವುದುಂಟು. ಆದ್ದರಿಂದ ಈಗಾಗಲೇ ಕನೆಕ್ಷನ್ ಇರುವ ಪಕ್ಕದ ಮನೆಯಲ್ಲಿ ರಾತ್ರಿ ಎಂಟೂವರೆ ಹೊತ್ತಿಗೆ ಸ್ಪೀಡು ಅಳೆದು ನೋಡುವುದು ಜಾಣತನ. ಬೆಳಗಿನ ಜಾವ ಅಳೆದರೆ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ.

ನಕ್ಷತ್ರದ ಜೋಡಿ

ಈಗ ಚೀಟಿಯ ಕೆಳಗಡೆಯ ಇರುವೆ ಸಾಲಿಗೆ ಬರೋಣ. ಅಲ್ಲಿ ಬಹುತೇಕ ಮೊದಲು ಸಿಗುವ ಮಾತು ‘ಜಿಎಸ್‌ಟಿ ಪ್ರತ್ಯೇಕ’. ಇಂಟರ್‌ನೆಟ್ ಸೇವೆಗೆ ಜಿಎಸ್‌ಟಿ ನೂರಕ್ಕೆ 18. 399ಕ್ಕೆ 71 ರೂಪಾಯಿ 82 ಪೈಸೆ ಸೇರಿ 470 ರೂಪಾಯಿ 82 ಪೈಸೆ. ವರ್ಷಕ್ಕೆ ಸುಮಾರು 5,650 ರೂಪಾಯಿ. ಇದೇ ಹೊತ್ತಿಗೆ ಅಂಗಡಿಯವನು ‘ಇನ್ನು ಇನ್ನೂರು ಕೊಟ್ಟರೆ 100 ಎಂಬಿಪಿಎಸ್, ಜೊತೆಗೆ ಸಿನಿಮಾ ಆ್ಯಪ್‌ಗಳು ಫ್ರೀ ಸಾರ್’ ಎನ್ನುತ್ತಾನೆ. ಆ 200ಕ್ಕೂ ಜಿಎಸ್‌ಟಿ ಇದೆ, 236 ಆಯಿತು. ಹನ್ನೆರಡು ತಿಂಗಳಿಗೆ 2,832 ರೂಪಾಯಿ. ಆ ಆ್ಯಪ್‌ಗಳನ್ನು ಮನೆಯಲ್ಲಿ ಯಾರು ನೋಡುತ್ತಾರೆ? ಯಾರೂ ಇಲ್ಲವೆಂದರೆ ಆ ದುಡ್ಡಿಗೆ ಒಂದು ಚೀಲ ಪುಸ್ತಕ ಬರುತ್ತದೆ, ಇಲ್ಲವೇ ಅಜ್ಜಿಯ ಒಂದು ತಿಂಗಳ ಔಷಧಿ.

ಎರಡನೆಯದು ‘ಅನ್‌ಲಿಮಿಟೆಡ್’. ಇದಕ್ಕೂ ಒಂದು ಮಿತಿ ಇರುತ್ತದೆ. ಅನೇಕ ಪ್ಲ್ಯಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ. ಅದು ಮುಗಿದ ಮೇಲೆ ಸ್ಪೀಡು ಆಮೆಯ ನಡಿಗೆಗೆ ಇಳಿಯುತ್ತದೆ. ಹೆದರಬೇಕೇ? ಲೆಕ್ಕ ಹಾಕಿ. ದಿನಕ್ಕೆ 110 ಜಿಬಿ ಬಂತು. 5 ಎಂಬಿಪಿಎಸ್‌ನಲ್ಲಿ ಓಡುವ ಸಿನಿಮಾ ಗಂಟೆಗೆ 2.25 ಜಿಬಿ ತಿನ್ನುತ್ತದೆ. ಎರಡು ಟಿ.ವಿ.ಗಳನ್ನು ಹಗಲೂ ರಾತ್ರಿ ಆರಿಸದೆ ಓಡಿಸಿದರೂ 108 ಜಿಬಿ. ಅಷ್ಟು ನೋಡುವವರಿಗೆ ಇಂಟರ್‌ನೆಟ್ಟಿಗಿಂತ ಮೊದಲು ಕಣ್ಣಿನ ಡಾಕ್ಟರು ಬೇಕು. ಆದರೆ ಕೆಲವು ಅಗ್ಗದ ಪ್ಲ್ಯಾನ್‌ಗಳಲ್ಲಿ ಈ ಮಿತಿ ನೂರಿನ್ನೂರು ಜಿಬಿಯಷ್ಟೇ ಇರಬಹುದು. ಆಗ ತಿಂಗಳ ಕೊನೆಯ ವಾರ, ಪರೀಕ್ಷೆಯ ಹೊತ್ತಿಗೇ ಪಾಠದ ವಿಡಿಯೊ ಸುತ್ತುತ್ತ ನಿಲ್ಲುತ್ತದೆ. ಸಂಖ್ಯೆ ಎಷ್ಟೆಂದು ಕೇಳಿಯೇ ಮುಂದುವರಿಯಿರಿ.

ಮೂರನೆಯದು ಮುಂಗಡ. ‘ಆರು ತಿಂಗಳದ್ದು ಒಟ್ಟಿಗೆ ಕಟ್ಟಿ, ಏಳನೇ ತಿಂಗಳು ಉಚಿತ.’ ಏಳರಲ್ಲಿ ಒಂದು ಎಂದರೆ ನೂರಕ್ಕೆ 14ರಷ್ಟು ಉಳಿತಾಯ, ಕಡಿಮೆಯೇನಲ್ಲ. ಆದರೆ ಎರಡನೇ ತಿಂಗಳಿಗೇ ಕನೆಕ್ಷನ್ ಕೈಕೊಟ್ಟರೆ ಉಳಿದ ದುಡ್ಡು ಅವರ ಜೇಬಿನಲ್ಲಿ, ಅಲೆದಾಟ ನಿಮ್ಮ ಕಾಲಲ್ಲಿ. ಮೊದಲು ಒಂದೋ ಎರಡೋ ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ, ಮಳೆಗಾಲವೊಂದು ದಾಟಲಿ. ಸರಿಯಿದೆ ಎನಿಸಿದ ಮೇಲೆ ಆರು ತಿಂಗಳಿನದ್ದು ಕಟ್ಟಿದರಾಯಿತು, ಆ ಕೊಡುಗೆ ಎಲ್ಲಿಗೂ ಓಡಿಹೋಗುವುದಿಲ್ಲ. ‘ಇನ್‌ಸ್ಟಾಲೇಷನ್ ಉಚಿತ’ ಎಂಬುದೂ ಎಷ್ಟೋ ಸಲ ಆರು ತಿಂಗಳ ಮುಂಗಡ ಕಟ್ಟುವವರಿಗೆ ಮಾತ್ರ. ರೂಟರಿಗೆ ಠೇವಣಿ ಎಷ್ಟು, ಅದು ವಾಪಸು ಬರುವ ಠೇವಣಿಯೇ ಅಥವಾ ಬಾಡಿಗೆಯೇ ಎಂಬುದನ್ನೂ ಬಾಯಿಮಾತಿನಲ್ಲಲ್ಲ, ರಸೀದಿಯಲ್ಲಿ ಬರೆಸಿಕೊಳ್ಳಿ. ಜಿಎಸ್‌ಟಿ ನಂಬರಿರುವ ಬಿಲ್ಲು ಕೊಡಲು ಒಪ್ಪದವರ ಹತ್ತಿರ ವ್ಯವಹಾರವೇ ಬೇಡ. ಎಷ್ಟೇ ಅಗ್ಗವಾದರೂ ಅದು ಮುಗ್ಗಲು ಜೋಳ.

ಅಂದಹಾಗೆ ಮೊಬೈಲ್ ರೀಚಾರ್ಜಿನ ಲೆಕ್ಕವೂ ಇದಕ್ಕೆ ಸೇರುತ್ತದೆ. ‘28 ದಿನ’ದ ಪ್ಯಾಕು ಹಾಕಿಸುವವರಿಗೆ ವರ್ಷದಲ್ಲಿ ಹನ್ನೆರಡಲ್ಲ, ಹದಿಮೂರು ಸಲ ರೀಚಾರ್ಜ್ ಬರುತ್ತದೆ. 365ನ್ನು 28ರಿಂದ ಭಾಗಿಸಿ ನೋಡಿ. ಜನ ಇದನ್ನು ಎತ್ತಿ ಹೇಳಿದ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 30 ದಿನದ ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಪ್ಯಾಕನ್ನೂ ಒಂದೊಂದಾದರೂ ಇಡಲೇಬೇಕೆಂದು 2022ರಲ್ಲಿ ಕಂಪನಿಗಳಿಗೆ ಹೇಳಿತು. ಮನೆಗೆ ವೈಫೈ ಬಂದರೆ ಹೆಚ್ಚು ಹೊತ್ತು ಮನೆಯಲ್ಲೇ ಇರುವವರ ಫೋನುಗಳಿಗೆ ದೊಡ್ಡ ಡೇಟಾ ಪ್ಯಾಕು ಬೇಕಿಲ್ಲ. ನಾಲ್ಕು ಫೋನುಗಳಲ್ಲಿ ತಲಾ 50 ರೂಪಾಯಿ ಇಳಿದರೂ ಹದಿಮೂರು ಸಲಕ್ಕೆ 2,600 ರೂಪಾಯಿ ಉಳಿಯಿತು. ಮೇಲೆ ಹೇಳಿದ 5,650ರ ಹತ್ತಿರ ಹತ್ತಿರ ಅರ್ಧ.

ಹಾಗೆಂದು ಎಲ್ಲ ಮನೆಗೂ ಫೈಬರ್ ಬೇಕು ಎಂದಲ್ಲ. ಅಜ್ಜ-ಅಜ್ಜಿ ಇಬ್ಬರೇ ಇರುವ ಮನೆ, ಬೆಳಗ್ಗೆ ವಾಟ್ಸ್‌ಆ್ಯಪ್ ‘ಶುಭೋದಯ’, ಸಂಜೆ ಮಗನ ಜೊತೆ ಅರ್ಧ ಗಂಟೆ ವಿಡಿಯೊ ಕಾಲ್ ಎಂದಾದರೆ, ಮನೆಯೊಳಗೆ ಸಿಗ್ನಲ್ ಚೆನ್ನಾಗಿ ಸಿಗುವ ಕಡೆ ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲೇ ಸಂಸಾರ ಸಾಗುತ್ತದೆ. ಮಗ ದೂರದಿಂದ ‘ನಾನೇ ಹಾಕಿಸಿಕೊಡುತ್ತೇನೆ’ ಎಂದು ಹಠ ಮಾಡಿದರೂ ಬೇಡ ಎನ್ನಬಹುದು.

ಅಜ್ಜ-ಅಜ್ಜಿಯರ ಪಾಲಿನ ಕೆಲಸ

ಇಷ್ಟು ಲೆಕ್ಕ ಮುಗಿದ ಮೇಲೂ ಅತಿ ಮುಖ್ಯವಾದ ವಿಷಯ ಯಾವ ಚೀಟಿಯಲ್ಲೂ ಇರುವುದಿಲ್ಲ. ತಂತಿ ತುಂಡಾದ ದಿನ ಯಾರು ಬರುತ್ತಾರೆ?

ನಮ್ಮಲ್ಲಿ ತಂತಿ ತುಂಡಾಗಲು ಕಾರಣಗಳಿಗೆ ಬರವಿಲ್ಲ. ಒಳಚರಂಡಿಯವರು ಅಗೆಯುತ್ತಾರೆ, ಅವರು ಮುಚ್ಚಿದ ಮೇಲೆ ನೀರಿನವರು ಅಗೆಯುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಆಷಾಢದ ಗಾಳಿಗೆ ಮರ ಉರುಳಿ ಕಂಬವನ್ನೂ ಕೆಡವುತ್ತದೆ. ಇಲಿ, ಅಳಿಲುಗಳಿಗೆ ಕೇಬಲ್ಲಿನ ಮೇಲೆ ಅದೇನು ಪ್ರೀತಿಯೋ! ಕೋತಿಗಳಿಗೆ ಅದು ಜೋಕಾಲಿ. ಗಾಜಿನ ಎಳೆ ತಾಮ್ರದ ತಂತಿಯಂತೆ ತಿರುಚಿ ಟೇಪು ಸುತ್ತಿದರೆ ಕೂಡುವುದಿಲ್ಲ. ಎರಡು ತುದಿಗಳನ್ನು ನೇರ ಜೋಡಿಸಿ ಕರಗಿಸಿ ಬೆಸೆಯುವ ಯಂತ್ರ ಬೇಕು, ಅದನ್ನು ಬಲ್ಲ ಹುಡುಗ ಬೇಕು. ಅವನು ನಿಮ್ಮ ತಾಲ್ಲೂಕಿನಲ್ಲೇ ಇದ್ದಾನೆಯೇ, ಇಲ್ಲ ಎಂಬತ್ತು ಕಿಲೋಮೀಟರ್ ದೂರದಿಂದ ಬರಬೇಕೇ ಎಂಬುದರ ಮೇಲೆ ನಿಮ್ಮ ಇಂಟರ್‌ನೆಟ್ಟಿನ ನಿಜವಾದ ಬೆಲೆ ನಿಂತಿದೆ. ತಿಂಗಳಲ್ಲಿ ಹತ್ತು ದಿನ ಬಾರದ 399ರ ಕನೆಕ್ಷನ್, ದಿನವೂ ಬರುವ 550ರದ್ದಕ್ಕಿಂತ ದುಬಾರಿ. ಬೇಕಾದರೆ ದಿನದ ಲೆಕ್ಕ ಹಾಕಿ. 399ನ್ನು 20ರಿಂದ ಭಾಗಿಸಿದರೆ ದಿನಕ್ಕೆ 20 ರೂಪಾಯಿ, 550ನ್ನು 30ರಿಂದ ಭಾಗಿಸಿದರೆ 18ಕ್ಕೆ ಸ್ವಲ್ಪ ಮೇಲೆ.

ನಮ್ಮ ಬೀದಿಯಲ್ಲಿ ಒಮ್ಮೆ ರಸ್ತೆ ಅಗೆದಾಗ ಎರಡು ಕಂಪನಿಗಳ ತಂತಿಯೂ ಒಂದೇ ದಿನ ತುಂಡಾದವು. ಒಂದು ಕಂಪನಿಯ ಕಾಲ್ ಸೆಂಟರಿನಿಂದ ‘24 ಗಂಟೆಯೊಳಗೆ ಸರಿಹೋಗುತ್ತದೆ’ ಎಂಬ ಮೆಸೇಜು ದಿನಕ್ಕೊಂದರಂತೆ ಎಂಟು ದಿನ ಬಂತು. ಇನ್ನೊಂದನ್ನು ನೋಡಿಕೊಳ್ಳುವ ಕೇಬಲ್ ಹುಡುಗ ಸಂಜೆಯೇ ಬೈಕಿನ ಹಿಂದೆ ಏಣಿ ಕಟ್ಟಿಕೊಂಡು ಬಂದು, ಬ್ಯಾಟರಿ ಬೆಳಕಿನಲ್ಲಿ ಬೆಸೆದು ಹೋದ. ತಿಂಗಳಿಗೆ ಐವತ್ತು ರೂಪಾಯಿ ಹೆಚ್ಚು ಅವನದ್ದು. ನಮ್ಮ ಬೀದಿಯಲ್ಲಿ ಈಗ ಹೆಚ್ಚಿನ ಮನೆಗಳು ಅವನವೇ.

ಆದ್ದರಿಂದ ಹಿರಿಯರೇ, ಸಂಜೆಯ ವಾಕಿಂಗ್ ಹೊತ್ತಿಗೆ ಮೂರು ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿ ಬನ್ನಿ: ‘ಹೋದ ಮಳೆಗಾಲದಲ್ಲಿ ನಿಮ್ಮದು ಎಷ್ಟು ದಿನ ಕೆಟ್ಟಿತ್ತು, ಯಾರು ಬಂದು ಸರಿಮಾಡಿದರು?’ ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಎಲ್ಲರೂ ‘ಹೂಂ, ಪರವಾಗಿಲ್ಲ’ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ದಿನ ಕೇಳಿದರೆ ದಿನ ಹೇಳುತ್ತಾರೆ. ರಿಪೇರಿಯ ಹುಡುಗನ ಹೆಸರು, ಫೋನ್ ನಂಬರು ಪಕ್ಕದ ಮನೆಯವರಿಗೆ ಬಾಯಿಪಾಠ ಇದ್ದರೆ ಅದು ಎರಡು ಕಾರಣಕ್ಕೆ ಇರಬಹುದು. ಅವನು ಕರೆದ ಕೂಡಲೇ ಬರುತ್ತಾನೆ, ಇಲ್ಲವೇ ಅವನನ್ನು ವಾರಕ್ಕೊಮ್ಮೆ ಕರೆಯಬೇಕಾಗುತ್ತದೆ. ಯಾವುದೆಂದು ಮುಖ ನೋಡಿದರೇ ಗೊತ್ತಾಗುತ್ತದೆ.

ಕರೆಂಟಿನ ವಿಷಯ ಮರೆಯುವಂತಿಲ್ಲ. ಫೈಬರ್ ಎಷ್ಟೇ ಗಟ್ಟಿಯಾಗಿದ್ದರೂ ಕರೆಂಟು ಹೋದರೆ ರೂಟರ್ ಮಲಗುತ್ತದೆ. ಇನ್ವರ್ಟರ್ ಇಲ್ಲದ ಮನೆಯವರಿಗೆ ರೂಟರಿಗಷ್ಟೇ ಆಗುವ ಪುಟ್ಟ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ಎಳೆಯುತ್ತದೆ. ಆದರೆ ಕೊಂಡುಕೊಳ್ಳುವ ಮುಂಚೆ ಕೇಬಲ್‌ನವರನ್ನು ಕೇಳಿ: ಕರೆಂಟು ಹೋದಾಗ ಅವರ ಕಡೆಯ ಪೆಟ್ಟಿಗೆಗೆ ಬ್ಯಾಟರಿ ಇದೆಯೇ? ಅಲ್ಲಿ ಇಲ್ಲದಿದ್ದರೆ ನಿಮ್ಮ ಯುಪಿಎಸ್ ದೀಪವಷ್ಟೇ ಉರಿಸುತ್ತದೆ.

ಹಾಕಿಸಿದ ಮೇಲೆ

ರೂಟರನ್ನು ಟಿ.ವಿ. ಹಿಂದೆ, ಕಬ್ಬಿಣದ ಬೀರು ಪಕ್ಕ ಬಚ್ಚಿಡಬೇಡಿ. ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ ಇರಲಿ. ಹಳೆಯ ದಪ್ಪ ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆಗಳನ್ನು ದಾಟುವಾಗ ವೈಫೈ ಸೊರಗುತ್ತದೆ. ರೂಟರಿನಲ್ಲಿ ‘5ಜಿ’ ಎಂದು ಕಾಣುವುದು ಫೋನಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಎಂಬ ಅಲೆ. ಅದು ಹತ್ತಿರದಲ್ಲಿ ಚುರುಕು, ಗೋಡೆಗೆ ಹೆದರುತ್ತದೆ. 2.4 ಎಂಬುದು ನಿಧಾನ, ಆದರೆ ದೂರ ಹೋಗುತ್ತದೆ. ಅಜ್ಜನ ಕೋಣೆ ಹಿಂದಿದ್ದರೆ ಅವರ ಫೋನಿಗೆ ಎರಡನೆಯದನ್ನೇ ಹಾಕಿಕೊಡಿ. ಪಾಸ್‌ವರ್ಡ್ ಆಗಿ ಮೊಮ್ಮಗುವಿನ ಹೆಸರನ್ನಿಟ್ಟರೆ ಇಡೀ ಬೀದಿ ನಿಮ್ಮ ವೈಫೈನಲ್ಲಿ ಸಿನಿಮಾ ನೋಡುತ್ತದೆ.

ಕೆಟ್ಟಾಗ ಕಂಪನಿಯ ದೂರು ಸಂಖ್ಯೆಗೆ ಕರೆಮಾಡಿ ಡಾಕೆಟ್ ನಂಬರು ಪಡೆಯಿರಿ. ನೋಟುಪುಸ್ತಕದ ಕೊನೆಯ ಪುಟದಲ್ಲಿ ತಾರೀಕಿನ ಜೊತೆ ಅದನ್ನು ಬರೆದಿಡುವ ಕೆಲಸ ಮಕ್ಕಳದ್ದು. ಅಷ್ಟಕ್ಕೂ ಸರಿಹೋಗದಿದ್ದರೆ ಅದೇ ಕಂಪನಿಯೊಳಗೆ ಮೇಲ್ಮನವಿ ಪ್ರಾಧಿಕಾರ ಎಂದಿರುತ್ತದೆ, ಅಲ್ಲಿಗೆ ಬರೆಯಬಹುದು. ಟ್ರಾಯ್ ನಿಯಮ ಮಾಡುತ್ತದೆಯೇ ಹೊರತು ಒಬ್ಬೊಬ್ಬರ ದೂರನ್ನು ತಾನೇ ಬಗೆಹರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ, ಟೆಲಿಕಾಂ ಕಂಪನಿಗಳ ಮೇಲಿನ ದೂರನ್ನು ಅಲ್ಲಿಗೆ ಒಯ್ಯಬಹುದೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ಬೇರೆ ಕಂಪನಿಗೆ ಹೋಗುವುದಾದರೆ ಹೊಸದು ಬಂದು ನಾಲ್ಕು ದಿನ ಓಡಿದ ಮೇಲೆ ಹಳೆಯದನ್ನು ಬಿಡಿ. ‘ರೀಚಾರ್ಜ್ ಮಾಡದಿದ್ದರೆ ತಾನೇ ನಿಲ್ಲುತ್ತದೆ’ ಎಂದು ಸುಮ್ಮನಿರಬೇಡಿ, ಬಿಲ್ಲು ಬರುತ್ತಲೇ ಇರುವ ಪ್ಲ್ಯಾನುಗಳಿವೆ. ಕನೆಕ್ಷನ್ ನಿಲ್ಲಿಸಿ ಎಂದು ಬರಹದಲ್ಲಿ ಕೊಡಿ. ರೂಟರನ್ನು ಅದರ ಅಡಾಪ್ಟರ್ ಸಮೇತ ಒಪ್ಪಿಸಿ, ಪಡೆದುಕೊಂಡೆವು ಎಂಬ ರಸೀದಿ ಕೈಗೆ ಬಂದ ಮೇಲಷ್ಟೇ ಅವರ ಹುಡುಗನನ್ನು ಗೇಟು ದಾಟಲು ಬಿಡಿ. ಠೇವಣಿ ಕೇಳುವಾಗ ಅವರು ಮೊದಲು ಕೇಳುವುದು ಆ ರಸೀದಿಯನ್ನೇ.